ಕ್ಯಾಪ್ಟನ್ ಸಾಹೇಬರ ತಗಡಿನ ಪೆಟ್ಟಿಗೆ: ಅಮೆರಿಕದ ಅಂತರ್ಯುದ್ಧದ ಕಾಗದಪತ್ರ ಓದುವ ಬಗೆ

ಪೆಟ್ಟಿಗೆ ಬಂದ ದಿನ ಎಲ್ಲರೂ ಪತ್ರಗಳ ಕಟ್ಟಿಗೇ ಕೈ ಹಾಕಿದರು. ಯುದ್ಧಭೂಮಿಯಿಂದ ಹೆಂಡತಿಗೆ ಬರೆದ ಪತ್ರಗಳೆಂದರೆ ಯಾರಿಗೆ ಆಸೆಯಾಗುವುದಿಲ್ಲ ಹೇಳಿ. ನನ್ನ ಪಾಲಿಗೆ ಉಳಿದದ್ದು ತಳದ ಕಟ್ಟು: ಅಚ್ಚು ಹಾಕಿದ ನಮೂನೆಗಳು, ಲೆಕ್ಕದ ಪಟ್ಟಿಗಳು, ರಸೀದಿಗಳು, ಆದೇಶದ ನಕಲುಗಳು. ಜೊತೆಗೆ ಕೆಲಸ ಮಾಡುವ ಅಜ್ಜಿಯೊಬ್ಬರು ನನ್ನ ಕಡೆ ಅಯ್ಯೋ ಪಾಪ ಅನ್ನುವ ಮುಖ ಮಾಡಿದರು. ನಾನು ಗದಗ ಜಿಲ್ಲೆಯ ಒಂದು ಉಪ ಖಜಾನೆಯಲ್ಲಿ 31 ವರ್ಷ ಬಿಲ್ಲು ನೋಡಿ, ಆಕ್ಷೇಪಣೆ ಬರೆದು, ವಾಪಸ್ ಕಳಿಸಿ ನಿವೃತ್ತಿಯಾದವನು. ಆ ಕಟ್ಟು ಬಿಚ್ಚಿದಾಗ ನನಗೆ ನಮ್ಮ ಆಫೀಸಿನ ಬೀರು ತೆಗೆದ ಹಾಗಾಯಿತು.

ಈಗ ನಾನಿರುವುದು ಒಹಾಯೋದಲ್ಲಿ, ಮಗಳ ಮನೆಯಲ್ಲಿ. ಪ್ರತಿ ಗುರುವಾರ ಊರಿನ ಚಿಕ್ಕ ಇತಿಹಾಸ ಸಂಘಕ್ಕೆ ಹೋಗಿ ಹಳೇ ಕಾಗದ ವಿಂಗಡಿಸುತ್ತೇನೆ. ಪೆಟ್ಟಿಗೆ 1861ರಿಂದ 1864ರವರೆಗೆ ಒಹಾಯೋದ ಒಂದು ಪದಾತಿ ರೆಜಿಮೆಂಟಿನಲ್ಲಿದ್ದ ಕ್ಯಾಪ್ಟನ್ ಒಬ್ಬರದು. ಮನೆತನದವರು ಇನ್ನೂ ಇಲ್ಲೇ ಇದ್ದಾರೆ, ಹಾಗಾಗಿ ಹೆಸರು ಬೇಡ. ಕ್ಯಾಪ್ಟನ್ ಸಾಹೇಬರು ಅಂತಲೇ ಕರೆಯೋಣ.

"ನಿಮಗೂ ಈ ಯುದ್ಧಕ್ಕೂ ಏನು ಸಂಬಂಧ?" ಎಂದು ಮೊದಲ ವಾರವೇ ಕೇಳಿದ್ದರು. ಸಂಬಂಧ ಇದೆ. ನಮ್ಮ ತಾಯಿಯ ಕಡೆಯವರು ಹತ್ತಿ ಬೆಳೆದವರು. 1840ರ ದಶಕದಲ್ಲೇ ಧಾರವಾಡ ಸೀಮೆಗೆ ಅಮೆರಿಕದ ಹತ್ತಿ ಬೀಜ ಬಂದಿತ್ತು. 1861ರಲ್ಲಿ ಇಲ್ಲಿ ಉತ್ತರದ ರಾಜ್ಯಗಳಿಗೂ ದಕ್ಷಿಣದ ರಾಜ್ಯಗಳಿಗೂ ಯುದ್ಧ ಶುರುವಾಗಿ (ನಮ್ಮ ಒಹಾಯೋ ಉತ್ತರದ ಕಡೆ), ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಬಂದ್ ಮಾಡಿತು. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದೆ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಕುಮಟಾ ಬಂದರಿಗೆ ಬಂಡಿಗಳ ಸಾಲು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆಯೂ ನೆಲಕ್ಕೆ ಬಿತ್ತು. ಇಷ್ಟು ಹೇಳಿದ ಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ.

ಅಮೆರಿಕದಲ್ಲಿ ಇಂಥ ಸಂಘಗಳಿಗೆ ಹೋಗುವ ನಮ್ಮವರು ಕೆಲವರಿದ್ದಾರೆ. ಸ್ಕ್ಯಾನ್ ಆದ ದಾಖಲೆಗಳನ್ನು ಊರಲ್ಲೇ ಕೂತು ನೋಡುವವರೂ ಇದ್ದಾರೆ. ಅವರಿಗೆಲ್ಲ ನನ್ನ ಮಾತು ಒಂದೇ: ಬೇಜಾರಿನ ಕಾಗದದಿಂದ ಶುರು ಮಾಡಿ. ಪ್ರೀತಿಯ ಪತ್ರದಲ್ಲಿ ಮನುಷ್ಯ ತನಗೆ ಬೇಕಾದ್ದನ್ನು ಬರೆಯುತ್ತಾನೆ. ಲೆಕ್ಕದಲ್ಲಿ ಹಾಗೆ ಬರೆದರೆ ಸಂಬಳ ನಿಲ್ಲುತ್ತದೆ.

ಮೊದಲು ಏನೂ ಮಾಡಬೇಡಿ

ಪೆಟ್ಟಿಗೆ ತೆರೆದ ಕೂಡಲೇ ಕಾಗದ ಬಿಚ್ಚಬೇಡಿ. ಯಾವುದು ಯಾವುದರ ಮೇಲಿತ್ತು, ಯಾವುದು ಯಾವುದರೊಳಗೆ ಮಡಚಿಟ್ಟಿತ್ತು, ಎಲ್ಲದರ ಫೋಟೋ ತೆಗೆಯಿರಿ. ಆ ಜೋಡಣೆ ಸಾಹೇಬರದೇ ಇರಬಹುದು. ತಾರೀಖಿನ ಪ್ರಕಾರ ಜೋಡಿಸುವ ಹುಮ್ಮಸ್ಸಿನಲ್ಲಿ ಅದನ್ನು ಕೆಡಿಸಿದರೆ ಮತ್ತೆ ಸಿಗುವುದಿಲ್ಲ.

ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಬಿಳಿ ಹತ್ತಿ ಕೈಗವಸು ಟಿವಿಯಲ್ಲಿ ಚೆಂದ, ಕಾಗದಕ್ಕೆ ಬೇಡ. ಅದನ್ನು ಹಾಕಿಕೊಂಡರೆ ಬೆರಳಿಗೆ ಅಂಚು ತಿಳಿಯದೆ ಹರಿಯುತ್ತದೆ. ಫೋಟೋಗ್ರಾಫ್ ಮುಟ್ಟುವಾಗ ಮಾತ್ರ ನೈಟ್ರೈಲ್ ಗವಸು. ಪೆನ್ನು ಮೇಜಿನ ಹತ್ತಿರವೂ ಬರಬಾರದು, ಪೆನ್ಸಿಲ್ ಸಾಕು.

ಆ ಕಾಲದ ಕಾಗದ ಗಟ್ಟಿ, ಹೆಚ್ಚಾಗಿ ಚಿಂದಿ ಬಟ್ಟೆಯ ನಾರಿನದು. ಅದಕ್ಕಿಂತ ಮೂವತ್ತು ವರ್ಷ ಈಚಿನ ಪತ್ರಿಕೆ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ, ಇದು ಮುರಿಯುವುದಿಲ್ಲ. ಇದರ ಶತ್ರು ಶಾಯಿ. ಕಬ್ಬಿಣದ ಅಂಶವಿರುವ ಶಾಯಿ ಮೊದಲು ಕಪ್ಪಗಿದ್ದು, ಕಾಲ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ದಪ್ಪ ಅಕ್ಷರ ಇದ್ದ ಕಡೆ ಕಾಗದವನ್ನೇ ತಿನ್ನುತ್ತದೆ. ಇನ್ನೊಂದು ಶತ್ರು ಮಡಿಕೆ. ನನ್ನ ತಪ್ಪನ್ನೇ ಹೇಳುತ್ತೇನೆ. ಎರಡನೆಯ ವಾರ ಒಂದು ಹಾಜರಿ ಪಟ್ಟಿಯನ್ನು ನಮ್ಮ ಆಫೀಸಿನಲ್ಲಿ ನಕ್ಷೆ ಬಿಚ್ಚುವ ಹಾಗೆ ಒಂದೇ ಸಲ ಬಿಡಿಸಿದೆ. ಮಡಿಕೆಯ ಉದ್ದಕ್ಕೂ ಟರ್ ಅಂತ ಹರಿಯಿತು. ಯಾರೂ ಬಯ್ಯಲಿಲ್ಲ, ಅದೇ ಜಾಸ್ತಿ ಕಷ್ಟವಾಯಿತು. ಒಂದು ಮಡಿಕೆ ಬಿಡಿಸಿ, ಪಕ್ಕದಲ್ಲಿ ಮೆತ್ತನೆಯ ಭಾರ ಇಟ್ಟು, ಕಾದು, ಆಮೇಲೆ ಮುಂದಿನದು. ಬಿಡಿಸಲು ಬಾರದ್ದನ್ನು ತಿಳಿದವರಿಗೆ ಕೊಡಿ. ಹರಿದರೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಅಂತೂ ಕನಸಿನಲ್ಲೂ ಬೇಡ.

ಗುಂಡುಸೂಜಿಗಳು ತುಕ್ಕು ಹಿಡಿದಿರುತ್ತವೆ, ಎಳೆಯದೆ ನಿಧಾನಕ್ಕೆ ಬಿಡಿಸಿ. ಕೆಲವು ಕಟ್ಟುಗಳಿಗೆ ಕೆಂಪು ಪಟ್ಟಿ ಸುತ್ತಿರುತ್ತದೆ. ಹೌದು, ನಿಜವಾದ ಕೆಂಪುಪಟ್ಟಿ. ಮಗಳಿಗೆ ಫೋಟೋ ಕಳಿಸಿದೆ. "ಅಪ್ಪ, ನಿಮ್ಮನ್ನು ಇದು ಎಲ್ಲೂ ಬಿಡಲ್ಲ ಅಲ್ವಾ" ಎಂದಳು.

ಹಿಂಬದಿಯಿಂದ ಓದಿ

ಸೇನೆಯ ಪತ್ರವನ್ನು ಮೂರು ಮಡಿಕೆ ಮಾಡಿ, ಹೊರಗೆ ಉಳಿದ ಪಟ್ಟಿಯ ಮೇಲೆ ವಿಷಯ ಬರೆಯುತ್ತಿದ್ದರು: ಎಲ್ಲಿಂದ, ಯಾವತ್ತು, ಯಾರು, ಏನು ಕೇಳಿದ್ದಾರೆ. ಅದರ ಕೆಳಗೆ ಪತ್ರ ಹೋದ ಪ್ರತಿ ಕಚೇರಿಯೂ ತನ್ನ ಷರಾ ಬರೆಯುತ್ತಿತ್ತು. ನಮ್ಮ ಕಡತದ ಟಿಪ್ಪಣಿ ಹಾಳೆಯೇ, ಬೇರೆ ಹಾಳೆ ಇಲ್ಲ ಅಷ್ಟೇ. ಆದ್ದರಿಂದ ಮೊದಲು ಒಳಗಿನ ಪತ್ರವಲ್ಲ, ಹಿಂಬದಿ ಓದಿ.

ಸಾಹೇಬರ ಒಂದು ರಜೆ ಅರ್ಜಿ ನೋಡೋಣ. 1863ರ ಫೆಬ್ರವರಿ, ಟೆನ್ನೆಸ್ಸಿಯ ಮರ್‌ಫ್ರೀಸ್‌ಬರೊ ಹತ್ತಿರದ ಶಿಬಿರ. ಇಪ್ಪತ್ತು ದಿನ ರಜೆ ಬೇಕು, ಮನೆಯಲ್ಲಿ ಕಾಯಿಲೆ. ಒಳಗೆ ಇರುವುದು ಏಳೇ ಸಾಲು. ಹಿಂದೆ ಐದು ಷರಾ, ಸೇನೆಯ ಕೆಳಗಿನ ಕಚೇರಿಯಿಂದ ಮೇಲಿನದರವರೆಗೆ ಒಂದೊಂದಾಗಿ. ರೆಜಿಮೆಂಟಿನ ಕರ್ನಲ್ ಒಪ್ಪಿದ್ದಾರೆ. ಬ್ರಿಗೇಡ್ ಒಪ್ಪಿದೆ. ಡಿವಿಷನ್ ಏನೂ ಹೇಳದೆ ಗೌರವಪೂರ್ವಕವಾಗಿ ಮುಂದೆ ಕಳಿಸಿದೆ. ಹಾಗೆಂದರೆ ನನ್ನ ತಲೆಗೆ ಬೇಡ ಎಂದರ್ಥ, ಇದು ನಮಗೆ ಹೇಳಿಕೊಡಬೇಕಾಗಿಲ್ಲ. ಕೋರ್ ಮತ್ತೆ ಮುಂದೆ ತಳ್ಳಿದೆ. ಮೇಲಿನ ಸೇನಾ ಕಚೇರಿ ಆಗುವುದಿಲ್ಲ ಎಂದಿದೆ. ಹೋಗಿ ಬರಲು ಹನ್ನೊಂದು ದಿನ. ಇದೇ ಹನ್ನೊಂದು ದಿನದಲ್ಲಿ ಹೆಂಡತಿಗೆ ಬರೆದ ಪತ್ರದಲ್ಲಿ ರಜೆ ಇಂದೋ ನಾಳೆಯೋ ಎಂದು ಮೂರು ಸಲ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ, ಆಗ ಗೊತ್ತಾಗುತ್ತದೆ.

ಷರಾ ಓದುವಾಗ ಪ್ರತಿಯೊಂದರ ತಾರೀಖು, ಕಚೇರಿ, ಸಹಿ ಬೇರೆ ಕಾಗದದಲ್ಲಿ ಸಾಲಾಗಿ ಬರೆದುಕೊಳ್ಳಿ. ಕೈಬರಹ ಬದಲಾದ ಕಡೆ ಕಚೇರಿ ಬದಲಾಗಿದೆ. ಮೂಲೆಯಲ್ಲಿ ಒಂದು ಅಕ್ಷರ, ಒಂದು ಸಂಖ್ಯೆ ಕಂಡರೆ ಅದು ಆವಕ ಸಂಖ್ಯೆ. ಆ ಕಚೇರಿಯ ಆವಕ ಪುಸ್ತಕ ಎಲ್ಲಾದರೂ ಉಳಿದಿದ್ದರೆ ಅದೇ ನಿಮಗೆ ದಾರಿ.

ಪತ್ರದ ಕೊನೆಯಲ್ಲಿ ತಮ್ಮ ವಿಧೇಯ ಸೇವಕ ಎಂದಿರುತ್ತದೆ. ಅದನ್ನು ನೋಡಿ ವಿನಯವಂತರು ಎಂದು ಬರೆಯಬೇಡಿ. ನಾವು ಮೇಲಧಿಕಾರಿಯನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತ 'ತಮ್ಮ ವಿಶ್ವಾಸಿ' ಹಾಕುತ್ತಿರಲಿಲ್ಲವೇ?

ಯಾರ ಸಹಿ, ಯಾರ ಮಾತು

ಆದೇಶಗಳಲ್ಲಿ ಎರಡು ಮುಖ್ಯ ಬಗೆ. ಜನರಲ್ ಆರ್ಡರ್ ಎಲ್ಲರಿಗೂ, ಸ್ಪೆಷಲ್ ಆರ್ಡರ್ ಒಬ್ಬರಿಗೋ ಕೆಲವರಿಗೋ. ಸುತ್ತೋಲೆಗಳು ಬೇರೆ. ಸಂಖ್ಯೆ ಪ್ರತಿ ಕಚೇರಿಯಲ್ಲೂ ಪ್ರತಿ ವರ್ಷ ಒಂದರಿಂದ ಶುರು. ಆದ್ದರಿಂದ ಸುಮ್ನೆ 'ಆದೇಶ 9' ಎಂದು ಬರೆದುಕೊಂಡರೆ ಉಪಯೋಗವಿಲ್ಲ. ಯಾವ ಕಚೇರಿ, ಯಾವ ವರ್ಷ, ಎರಡೂ ಬೇಕು.

ಆದೇಶದ ಕೆಳಗೆ ಇರುವ ಸಹಿ ಸಾಮಾನ್ಯವಾಗಿ ಜನರಲ್‌ದಲ್ಲ, ಅವರ ಅಡ್ಜುಟೆಂಟ್‌ದು. ಅಡ್ಜುಟೆಂಟ್ ಎಂದರೆ ಜನರಲ್ ಪರವಾಗಿ ಕಾಗದಪತ್ರ ನೋಡುವ ಅಧಿಕಾರಿ. ಇಂಥವರ ಅಪ್ಪಣೆಯ ಮೇರೆಗೆ ಎಂದು ಬರೆದು ಆತ ಸಹಿ ಹಾಕುತ್ತಾನೆ. ಇದು ಎಷ್ಟು ಮುಖ್ಯ ಎನ್ನುವುದಕ್ಕೆ ಈ ಯುದ್ಧದಲ್ಲೇ ದೊಡ್ಡ ಉದಾಹರಣೆ ಇದೆ. 1862ರ ಸೆಪ್ಟೆಂಬರ್ 9ರಂದು ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಕಚೇರಿಯಿಂದ ಸ್ಪೆಷಲ್ ಆರ್ಡರ್ 191 ಹೊರಟಿತು. ಸೇನೆಯ ಯಾವ ಭಾಗ ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಅದರಲ್ಲಿತ್ತು. 13ರಂದು ಮೇರಿಲ್ಯಾಂಡಿನ ಫ್ರೆಡೆರಿಕ್ ಹತ್ತಿರ ಉತ್ತರದ ಇಂಡಿಯಾನಾ 27ನೇ ರೆಜಿಮೆಂಟಿನವರಿಗೆ ಹುಲ್ಲಿನಲ್ಲಿ ಒಂದು ನಕಲು ಸಿಕ್ಕಿತು, ಮೂರು ಚುಟ್ಟಾಗಳಿಗೆ ಸುತ್ತಿಟ್ಟಿತ್ತು. ಅದು ಡಿ. ಎಚ್. ಹಿಲ್ ಎಂಬ ಜನರಲ್‌ಗೆ ಹೋಗಬೇಕಾದ ನಕಲು. ಆದರೆ ಹಿಲ್‌ಗೆ ಅದೇ ಆದೇಶ ಲೀ ಕಡೆಯ ಇನ್ನೊಬ್ಬ ಜನರಲ್ ಜಾಕ್ಸನ್ ತಮ್ಮ ಕೈಯಾರೆ ಬರೆದ ಇನ್ನೊಂದು ನಕಲಿನಲ್ಲಿ ಮುಟ್ಟಿತ್ತು. ಹಾಗಾಗಿ ಒಂದು ಕಡಿಮೆಯಾದದ್ದು ಯಾರಿಗೂ ತಿಳಿಯಲಿಲ್ಲ. ಸಿಕ್ಕ ಕಾಗದದ ಕೆಳಗಿದ್ದದ್ದು ಲೀ ಸಹಿಯಲ್ಲ, ಅವರ ಅಡ್ಜುಟೆಂಟ್ ಚಿಲ್ಟನ್ ಹೆಸರು. ನಾಲ್ಕು ದಿನದ ಮೇಲೆ ಆಂಟೀಟಮ್ ಕದನ. ಒಂದೇ ದಿನದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 23,000.

ಟಪಾಲು ಮುಟ್ಟಿದ ಬಗ್ಗೆ ಸಹಿ ತಗೊಳ್ಳಿ ಎಂದು ನಾನು ಆಫೀಸಿನ ಹುಡುಗರ ತಲೆ ತಿನ್ನುತ್ತಿದ್ದೆ. ಈ ಕಥೆ ಆಗ ಗೊತ್ತಿದ್ದರೆ ಹೇಳುತ್ತಿದ್ದೆ.

ನಿಮ್ಮ ಕಟ್ಟಿನಲ್ಲಿ ಆದೇಶ ಸಿಕ್ಕರೆ ಎರಡು ಪ್ರಶ್ನೆ ಕೇಳಿ. ಇದು ಮೂಲವೋ ನಕಲೋ? ನಕಲಾದರೆ ಯಾರು ಮಾಡಿದ್ದು? ಮೇಲೆ 'ನಿಜ ಪ್ರತಿ' ಎನ್ನುವ ಅರ್ಥದ ಮಾತು, ಕೆಳಗೆ ಬೇರೆಯವರ ಸಹಿ ಇದ್ದರೆ ಅದು ನಕಲು. ಸಾಹೇಬರ ಪೆಟ್ಟಿಗೆಯ ಆದೇಶಗಳಲ್ಲಿ ಮುಕ್ಕಾಲು ಭಾಗ ಅವರೇ ರಾತ್ರಿ ಕೂತು ನಕಲು ಮಾಡಿಕೊಂಡವು.

ಒಂದು ಪದವಿ, ಮೂರು ತಾರೀಖು

ಸ್ವಯಂಸೇವಾ ರೆಜಿಮೆಂಟುಗಳಲ್ಲಿ ಕರ್ನಲ್‌ವರೆಗಿನ ನೇಮಕಪತ್ರ ಕೊಡುತ್ತಿದ್ದವರು ರಾಜ್ಯದ ಗವರ್ನರ್, ಅಧ್ಯಕ್ಷರಲ್ಲ. ಸಾಹೇಬರ ಮೊದಲ ನೇಮಕಪತ್ರಕ್ಕೆ ಗವರ್ನರ್ ಡೆನಿಸನ್ ಸಹಿ, ಕ್ಯಾಪ್ಟನ್ ಆದಾಗಿನದಕ್ಕೆ ಗವರ್ನರ್ ಟಾಡ್ ಸಹಿ. ಆ ಪತ್ರ ನೋಡಿ ಅಂದಿನಿಂದ ಕ್ಯಾಪ್ಟನ್ ಎಂದು ಬರೆದರೆ ತಪ್ಪಾದೀತು. ಪದವಿ ಯಾವತ್ತಿನಿಂದ ಲೆಕ್ಕ ಎಂಬುದು ಒಂದು ತಾರೀಖು, ಪತ್ರ ಬರೆದದ್ದು ಇನ್ನೊಂದು, ಆ ಪದವಿಯಲ್ಲಿ ಸೇನೆಗೆ ಸೇರಿಸಿಕೊಂಡದ್ದು ಮೂರನೆಯದು. ನಮ್ಮಲ್ಲಿ ಬಡ್ತಿ ಆದೇಶ ಒಂದು ದಿನ, ಚಾರ್ಜ್ ತಗೊಂಡದ್ದು ಇನ್ನೊಂದು ದಿನ ಇರುತ್ತದಲ್ಲ, ಹಾಗೆ. ಮೂರನ್ನೂ ಬರೆಯಿರಿ.

ಬ್ರೆವೆಟ್ ಎಂಬ ಮಾತು ಕಂಡರೆ ಹುಷಾರು. ಅದು ಗೌರವದ ಪದವಿ. ಬ್ರೆವೆಟ್ ಮೇಜರ್ ಆದವರು ಕ್ಯಾಪ್ಟನ್ ಕೆಲಸವನ್ನೇ ಮಾಡುತ್ತಿರಬಹುದು. 1865ರ ಮಾರ್ಚ್ 13 ಎಂಬ ಒಂದೇ ತಾರೀಖಿನಿಂದ ರಾಶಿ ರಾಶಿ ಬ್ರೆವೆಟ್ ಕೊಟ್ಟಿದ್ದಾರೆ.

ಇನ್ನು ಹಾಜರಿ ಪಟ್ಟಿ. ನರೇಗಾ ಕೆಲಸ ನೋಡಿದವರಿಗೆ ಎನ್‌ಎಂಆರ್ (ಕೂಲಿಕಾರರ ಹಾಜರಿ ಪಟ್ಟಿ) ಗೊತ್ತಲ್ಲ, ಅದರ ಮಸ್ಟರ್ ರೋಲ್ ಎಂಬ ಹೆಸರೇ ಇದಕ್ಕೂ. ಫೆಬ್ರವರಿ, ಏಪ್ರಿಲ್, ಜೂನ್, ಆಗಸ್ಟ್, ಅಕ್ಟೋಬರ್, ಡಿಸೆಂಬರ್ ಕೊನೆಯ ದಿನ ಎಲ್ಲರನ್ನೂ ನಿಲ್ಲಿಸಿ ಹೆಸರು ಕೂಗಬೇಕು. ಇದ್ದಾನೆ, ಇಲ್ಲ, ಇಲ್ಲದಿದ್ದರೆ ಯಾಕೆ. ಇದರ ಮೇಲೆ ಸಂಬಳ. ನಮ್ಮ ಸಾಹೇಬರ 1862ರ ಡಿಸೆಂಬರ್ 31ರ ಪಟ್ಟಿ ನೋಡಿ ನನಗೆ ಗೊಂದಲವಾಗಿತ್ತು. ಅಂದು ಬೆಳಿಗ್ಗೆಯೇ ಸ್ಟೋನ್ಸ್ ರಿವರ್ ಕದನ ಶುರುವಾದದ್ದು. ಗುಂಡು ಹಾರುವಾಗ ಹೆಸರು ಕೂಗಿದರೇ? ಇಲ್ಲ. ತಾರೀಖು ನಿಯಮದ್ದು, ಬರಹ ಆಮೇಲಿನದು. ಷರಾ ಕಾಲಂನಲ್ಲಿ ಅಂದೇ ಸತ್ತವರ ಹೆಸರು, ಅವರನ್ನು ಒಹಾಯೋದ ಯಾವ ಊರಿನಿಂದ ಸೇರಿಸಿಕೊಂಡದ್ದು ಎಲ್ಲ ಇದೆ. ಕದನ ನಡೆಯುತ್ತಿರುವಾಗ ಅಷ್ಟು ನೀಟಾಗಿ ಯಾರೂ ಬರೆಯುವುದಿಲ್ಲ. ಮೇಲಿನ ತಾರೀಖನ್ನು ಬರೆದ ತಾರೀಖು ಎಂದು ನಂಬಬೇಡಿ.

ಲೆಕ್ಕದ ಕಟ್ಟು

ಇದು ನನ್ನ ಜಾಗ, ಸ್ವಲ್ಪ ಹೊತ್ತು ಕೂರೋಣ.

ಒಂದು ಕಂಪನಿಯ, ಅಂದರೆ ಕ್ಯಾಪ್ಟನ್ ಕೈಕೆಳಗಿನ ತುಕಡಿಯ, ಬಂದೂಕು, ಬಯೊನೆಟ್, ಮದ್ದಿನ ಚೀಲ, ಬೆಲ್ಟು, ಡೇರೆ, ಕೊಡಲಿ, ಅಡುಗೆ ಪಾತ್ರೆ ಎಲ್ಲಕ್ಕೂ ಕ್ಯಾಪ್ಟನ್ ಸ್ವಂತ ಜವಾಬ್ದಾರ. ಮೂರು ತಿಂಗಳಿಗೊಮ್ಮೆ ಆಯುಧಗಳ ಲೆಕ್ಕ ವಾಷಿಂಗ್ಟನ್ನಿಗೆ ಹೋಗಬೇಕು. ನಮೂನೆ ನೋಡಿದರೆ ನೀವು ನಗುತ್ತೀರಿ: ಆರಂಭ ಶಿಲ್ಕು, ಜಮಾ, ಖರ್ಚು, ಆಖೈರು ಶಿಲ್ಕು. ಒಂದು ಅಕ್ಷರ ಹೆಚ್ಚು ಕಡಿಮೆ ಇಲ್ಲ. ಕಳೆದದ್ದಕ್ಕೆ ಸಾಕ್ಷಿ ಬೇಕು, ಸಾರ್ಜೆಂಟ್ ಪ್ರಮಾಣ ಮಾಡಿ ಸಹಿ ಹಾಕಬೇಕು. ಅದು ನಮ್ಮ ಪಂಚನಾಮೆ.

ಚಿಕಮಾಗಾ ಕದನ ನಡೆದದ್ದು 1863ರ ಸೆಪ್ಟೆಂಬರ್ 19 ಮತ್ತು 20. ತ್ರೈಮಾಸಿಕ ಲೆಕ್ಕ ಮುಗಿಯುವುದು 30ಕ್ಕೆ. ಹತ್ತೇ ದಿನ ಅಂತರ. ಸಾಹೇಬರ ಆ ಲೆಕ್ಕದಲ್ಲಿ ಜೂನ್ 30ರ ಶಿಲ್ಕು 48 ಬಂದೂಕು, ಸೆಪ್ಟೆಂಬರ್ 30ರ ಶಿಲ್ಕು 29. ಹತ್ತೊಂಬತ್ತು ಇಲ್ಲ. ಹೆಂಡತಿಗೆ ಬರೆದ ಪತ್ರದಲ್ಲಿ ತಾನು ಕ್ಷೇಮ, ಹುಡುಗರು ಚೆನ್ನಾಗಿ ಹೋರಾಡಿದರು ಎಂದಷ್ಟೇ ಇದೆ.

ಹತ್ತೊಂಬತ್ತು ಬಂದೂಕು ಹೋದರೆ ಹತ್ತೊಂಬತ್ತು ಜನ ಸತ್ತರು ಎಂದಲ್ಲ. ಇಲ್ಲೇ ತುಂಬ ಜನ ಎಡವುವುದು. ಅಕ್ಟೋಬರ್ 31ರ ಹಾಜರಿ ಪಟ್ಟಿ ತೆಗೆದು ಪಕ್ಕದಲ್ಲಿ ಇಟ್ಟೆ. ಸತ್ತವರು ನಾಲ್ಕು, ಗಾಯಗೊಂಡು ಆಸ್ಪತ್ರೆಯಲ್ಲಿದ್ದವರು ಒಂಬತ್ತು, ಕಾಣೆಯಾದವರು ಮೂರು. ಹದಿನಾರು ತಾಳೆಯಾಯಿತು. ಉಳಿದ ಮೂರು ಎಲ್ಲಿ? ಲೆಕ್ಕದ ಜೊತೆ ಸೂಜಿ ಚುಚ್ಚಿದ್ದ ಚಿಕ್ಕ ಚೀಟಿಯಲ್ಲಿ ಉತ್ತರ ಇತ್ತು. ಎರಡು ಗುಂಡು ತಗುಲಿ ಒಡೆದವು. ಒಂದನ್ನು ಗಾಯಾಳುವನ್ನು ಹೊತ್ತು ತರುವಾಗ ಬಿಸಾಡಿದ್ದು. ಹೊತ್ತವನ ಹೆಸರೂ ಇದೆ. ಸರ್ಕಾರದ ಬಂದೂಕು ಬಿಸಾಡಿದ್ದಕ್ಕೆ ಸಮಜಾಯಿಷಿ ಕೊಡಬೇಕಾಗಿ ಬಂದದ್ದರಿಂದಲೇ ಈ ಸಂಗತಿ ನಮಗೆ ಉಳಿದಿದೆ. ಪತ್ರಗಳ ಕಟ್ಟಿನಲ್ಲಿ ಇದರ ಸುದ್ದಿಯೇ ಇಲ್ಲ.

ಅಧಿಕಾರಿ ಸೇವೆ ಮುಗಿಸುವಾಗ ಎಲ್ಲ ಇಲಾಖೆಗಳಿಂದ ಬಾಕಿ ಇಲ್ಲ ಎಂಬ ಪತ್ರ ತರಬೇಕಿತ್ತು. ನಮ್ಮ ಬೇಬಾಕಿ ಪ್ರಮಾಣಪತ್ರ. ಅದಿಲ್ಲದೆ ಕೊನೆಯ ಸಂಬಳವಿಲ್ಲ. ಆದ್ದರಿಂದ 1864ರಲ್ಲಿ ಮನೆಗೆ ಬಂದ ಮೇಲಿನ ಕಾಗದಗಳನ್ನು ಯುದ್ಧ ಮುಗಿಯಿತು ಎಂದು ಬದಿಗಿಡಬೇಡಿ. ಅಧಿಕಾರಿಯ ಮರೆತುಹೋದ ತಪ್ಪುಗಳೆಲ್ಲ ಎದ್ದು ಬರುವುದು ಆಗಲೇ.

ಸಂಬಳದ ಬಿಲ್ಲಿನ ತಳದಲ್ಲಿ

ಕ್ಯಾಪ್ಟನ್‌ರ ಮೂಲ ಸಂಬಳ ತಿಂಗಳಿಗೆ 60 ಡಾಲರ್. ಜೊತೆಗೆ ದಿನಕ್ಕೆ ನಾಲ್ಕು ರೇಷನ್ ಲೆಕ್ಕದ ಹಣ, ಒಬ್ಬ ಆಳಿನ ಭತ್ಯೆ. ಸಿಪಾಯಿಗೆ 13 ಡಾಲರ್. ಕಪ್ಪು ಸಿಪಾಯಿಗೆ 10, ಅದರಲ್ಲೂ ಬಟ್ಟೆಗೆ 3 ಮುರಿದು ಕೈಗೆ 7. ಇದು 1864ರ ಜೂನ್‌ನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಸರಿಪಡಿಸುವವರೆಗೆ.

ಆಳಿನ ಭತ್ಯೆ ಬೇಕಾದರೆ ಬಿಲ್ಲಿನ ತಳದಲ್ಲಿ ಆಳಿನ ಹೆಸರು, ಮೈಬಣ್ಣ, ಎತ್ತರ, ಕಣ್ಣು, ಕೂದಲು ಬರೆಯಬೇಕು. ಸುಳ್ಳು ಆಳು ತೋರಿಸಿ ಹಣ ಹೊಡೆಯಬಾರದಲ್ಲ, ಅದಕ್ಕೆ. ಸಾಹೇಬರ 1862ರ ನವೆಂಬರ್‌ನಿಂದ 1863ರ ಆಗಸ್ಟ್‌ವರೆಗಿನ ಬಿಲ್ಲುಗಳಲ್ಲಿ ಒಂದೇ ಹೆಸರು ಬರುತ್ತದೆ. ಅಡ್ಡಹೆಸರಿಲ್ಲ. ಮೈಬಣ್ಣ ಕಪ್ಪು. ಎತ್ತರ ಮೊದಲ ಬಿಲ್ಲಿನಲ್ಲಿ ನಾಲ್ಕಡಿ ಹನ್ನೊಂದು ಇಂಚು, ಕೊನೆಯದರಲ್ಲಿ ಐದಡಿ ಒಂದು ಇಂಚು. ಆ ಎರಡು ಇಂಚು ನೋಡಿ ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಬೆಳೆಯುವ ಹುಡುಗ. ಟೆನ್ನೆಸ್ಸಿಯಲ್ಲಿ ಸೇನೆ ಸಾಗಿದಂತೆ ಗುಲಾಮರಾಗಿದ್ದ ತೋಟದಿಂದ ಓಡಿ ಬಂದ ಇಂಥವರು ಎಷ್ಟೋ ಮಂದಿ ಇದ್ದರು. ಹತ್ತು ತಿಂಗಳು ಸಾಹೇಬರ ಬೂಟು, ಕಾಫಿ, ಕಂಬಳಿ ನೋಡಿಕೊಂಡವನು. ಹೆಂಡತಿಗೆ ಬರೆದ ಅಷ್ಟೂ ಪತ್ರಗಳಲ್ಲಿ ಅವನ ಹೆಸರು ಒಂದು ಸಲವೂ ಇಲ್ಲ. ಸೆಪ್ಟೆಂಬರ್ ಬಿಲ್ಲಿನಲ್ಲಿ ಬೇರೆ ಹೆಸರು.

ಆಮೇಲೆ ಏನಾದ? ನ್ಯಾಶ್‌ವಿಲ್‌ನಲ್ಲಿ ಆ ಹೊತ್ತಿಗೆ ಕಪ್ಪು ಸೈನಿಕರ ರೆಜಿಮೆಂಟುಗಳು ತಯಾರಾಗುತ್ತಿದ್ದವು. ಅವುಗಳ ಪಟ್ಟಿಯಲ್ಲಿ ಅದೇ ಹೆಸರಿನವರು ಎಷ್ಟು ಬೇಕಾದರೂ ಸಿಗುತ್ತಾರೆ. ಒಬ್ಬನ ಎತ್ತರ ಐದಡಿ ಎರಡು ಇಂಚು ಕೂಡ ಇತ್ತು. ಇವನೇ ಎಂದು ಬರೆಯಲು ಕೈ ತುರಿಸಿತು. ಬರೆಯಲಿಲ್ಲ. ನೀವೂ ಬರೆಯಬೇಡಿ. ಹೆಸರು ಒಂದೇ ಎಂದು ಇಬ್ಬರನ್ನು ಒಂದು ಮಾಡಿದರೆ ಆ ತಪ್ಪು ಇಂಟರ್ನೆಟ್‌ನಲ್ಲಿ ನೂರು ಕಡೆ ನಕಲಾಗಿ ಸತ್ಯವಾಗಿಬಿಡುತ್ತದೆ. ನೋಡಿದ್ದು, ಹೊಂದಬಹುದು, ಸಾಕ್ಷಿ ಇಲ್ಲ ಎಂದು ಪೆನ್ಸಿಲ್‌ನಲ್ಲಿ ಬರೆದಿಡಿ.

ಅಕ್ಷರದ ಕಾಟ

ಎರಡು ಎಸ್ ಒಟ್ಟಿಗೆ ಬಂದರೆ ಹಳಬರು ಮೊದಲನೆಯದನ್ನು ಉದ್ದಕ್ಕೆ ಎಳೆದು ಎಫ್ ಥರ ಬರೆಯುತ್ತಿದ್ದರು. ನಾನು 'ಲಾಸ್' ಎಂಬುದನ್ನು ಒಂದು ಇಡೀ ಗುರುವಾರ 'ಲಾಫ್ಸ್' ಎಂದು ಓದಿ, ಅದೇನು ಸಾಮಾನು ಎಂದು ಹುಡುಕಿದ್ದೇನೆ. ಕಾಲಂನಲ್ಲಿ 'ಡೂ' ಎಂಬ ಎರಡಕ್ಷರ ಕಂಡರೆ ಮೇಲಿನಂತೆಯೇ ಎಂದರ್ಥ. ಕಂಪನಿಗಳ ಹೆಸರು ಎಯಿಂದ ಕೆವರೆಗೆ, ನಡುವೆ ಜೆ ಇಲ್ಲ. ಕೈಬರಹದಲ್ಲಿ ಐ, ಜೆ ಒಂದೇ ಥರ ಕಾಣುತ್ತವೆ ಎಂದು ಬಿಟ್ಟದ್ದು. ಕಂಪನಿ ಜೆ ಎಂದು ಓದಿದರೆ ನೀವು ತಪ್ಪು ಓದಿದ್ದೀರಿ.

ತಾರೀಖಿನಲ್ಲಿ 'ಇನ್‌ಸ್ಟ್' ಎಂದರೆ ಈ ತಿಂಗಳು, 'ಅಲ್ಟ್' ಎಂದರೆ ಹೋದ ತಿಂಗಳು. ಜನವರಿ 3ರ ಪತ್ರದಲ್ಲಿ '31 ಅಲ್ಟ್' ಎಂದಿದ್ದರೆ ಅದು ಡಿಸೆಂಬರ್ 31, ಅಂದರೆ ಸ್ಟೋನ್ಸ್ ರಿವರ್‌ನ ಮೊದಲ ದಿನ. ಇದು ತಿಳಿಯದೆ ಓದಿದರೆ ಕದನವೇ ಕೈತಪ್ಪುತ್ತದೆ. ಜನವರಿಯಲ್ಲಿ ಹಳೇ ವರ್ಷವನ್ನೇ ಬರೆಯುವ ಚಾಳಿ ಅವರಿಗೂ ಇತ್ತು. ಒಂದೇ ಕದನಕ್ಕೆ ಎರಡು ಹೆಸರು ಇರುವುದೂ ಗೊತ್ತಿರಲಿ. ಉತ್ತರದವರು ಹೆಚ್ಚಾಗಿ ಹತ್ತಿರದ ಹೊಳೆಯ ಹೆಸರಿಟ್ಟರು, ದಕ್ಷಿಣದವರು ಊರಿನ ಹೆಸರು. ಇವರ ಸ್ಟೋನ್ಸ್ ರಿವರ್ ಅವರ ಮರ್‌ಫ್ರೀಸ್‌ಬರೊ. ಇವರ ಆಂಟೀಟಮ್ ಅವರ ಶಾರ್ಪ್ಸ್‌ಬರ್ಗ್.

ಕೈಬರಹ ಬಾರದಿದ್ದರೆ ಒಂದು ಉಪಾಯ. ಅದೇ ಕೈಯಲ್ಲಿ ಬರೆದ, ನಿಮಗೆ ಖಾತ್ರಿ ಇರುವ ಪದ ಹಿಡಿಯಿರಿ: ತಿಂಗಳ ಹೆಸರು, ರೆಜಿಮೆಂಟ್, ಕ್ಯಾಪ್ಟನ್. ಅದರ ಒಂದೊಂದೇ ಅಕ್ಷರ ಪಕ್ಕದಲ್ಲಿ ಬರೆದುಕೊಂಡು ಅವರದೇ ಒಂದು ಅಕ್ಷರಮಾಲೆ ಮಾಡಿಕೊಳ್ಳಿ. ಮೋಡಿ ಲಿಪಿ ಕಲಿತ ನಮ್ಮಜ್ಜನೂ ಹೀಗೇ ಕಲಿತದ್ದಂತೆ.

ಉಳಿದರ್ಧ ಎಲ್ಲಿದೆ

ಪೆಟ್ಟಿಗೆಯಲ್ಲಿರುವುದು ಸಾಹೇಬರು ಇಟ್ಟುಕೊಂಡ ನಕಲು. ಸರ್ಕಾರಕ್ಕೆ ಹೋದದ್ದು ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲಾಲಯದಲ್ಲಿದೆ. 1890ರ ದಶಕದಲ್ಲಿ ಗುಮಾಸ್ತರು ಹಾಜರಿ ಪಟ್ಟಿಗಳನ್ನೆಲ್ಲ ನೋಡಿ ಒಬ್ಬೊಬ್ಬ ಸೈನಿಕನಿಗೂ ಕಾರ್ಡು ಬರೆದು ಲಕೋಟೆಗೆ ಹಾಕಿದರು. ಅದು ಸೇವಾ ಪುಸ್ತಕವಿದ್ದಂತೆ. ಆದರೆ ಕಾರ್ಡು ಸಾರಾಂಶ, ಮೂಲ ಪಟ್ಟಿಯಲ್ಲ. ನಿಮ್ಮ ಪಟ್ಟಿಗೂ ಅದಕ್ಕೂ ವ್ಯತ್ಯಾಸ ಬಂದರೆ ಎರಡನ್ನೂ ಬರೆಯಿರಿ. ಕದನದ ವರದಿಗಳು, ಪತ್ರವ್ಯವಹಾರ 1880ರಿಂದ 1901ರವರೆಗೆ 128 ಪುಸ್ತಕಗಳಾಗಿ ಅಚ್ಚಾಗಿವೆ, ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಒಹಾಯೋ ತನ್ನ ಸೈನಿಕರ ಪಟ್ಟಿಯನ್ನು 12 ಸಂಪುಟಗಳಲ್ಲಿ ಅಚ್ಚು ಹಾಕಿಸಿದೆ.

ನೇಮಕ ಪತ್ರವ್ಯವಹಾರ ಬೇಕಾದರೆ ರಾಜ್ಯದ ದಾಖಲಾಲಯ ನೋಡಿ. ದಕ್ಷಿಣದ ಅಧಿಕಾರಿಯಾದರೆ ಕಷ್ಟ ಜಾಸ್ತಿ. 1865ರ ಏಪ್ರಿಲ್‌ನಲ್ಲಿ ರಿಚ್‌ಮಂಡ್ ಎಂಬ ತಮ್ಮ ರಾಜಧಾನಿ ಬಿಟ್ಟು ಓಡುವಾಗ ಬೆಂಕಿಗೆ ಬಹಳಷ್ಟು ಹೋಯಿತು. ಅವರ ಅಡ್ಜುಟೆಂಟ್ ಜನರಲ್ ಕೂಪರ್ ಉಳಿದ ಕಡತಗಳನ್ನು ಶಾರ್ಲೆಟ್‌ನಲ್ಲಿ ಒಪ್ಪಿಸಿದ್ದರಿಂದ ಇಷ್ಟಾದರೂ ಇದೆ. ದಕ್ಷಿಣದವರ ಪೆನ್ಷನ್ ಕೊಟ್ಟದ್ದು ಆಯಾ ರಾಜ್ಯಗಳು, ಅಲ್ಲೇ ಕೇಳಬೇಕು.

ಪೆನ್ಷನ್ ಕಡತ ಮರೆಯಬೇಡಿ. 1862ರ ಕಾನೂನಿನಂತೆ ಪೂರ್ತಿ ಅಂಗವೈಕಲ್ಯಕ್ಕೆ ಸಿಪಾಯಿಗೆ ತಿಂಗಳಿಗೆ 8 ಡಾಲರ್, ಕ್ಯಾಪ್ಟನ್‌ಗೆ 20. ವಿಧವೆಯಾದವಳು ಆ ಸೈನಿಕನನ್ನು ಮದುವೆಯಾಗಿದ್ದಕ್ಕೆ ಸಾಕ್ಷಿ ಕೊಡಬೇಕಿತ್ತು. ಮನೆಯ ಬೈಬಲ್‌ನ ಹಾಳೆಯನ್ನೇ ಹರಿದು ಕಳಿಸಿದವರಿದ್ದಾರೆ. ಮುದುಕಿಯರು ಜೀವಂತ ಪ್ರಮಾಣಪತ್ರ ಹಿಡಿದು ನಮ್ಮ ಖಜಾನೆಯ ಕಟ್ಟೆಯ ಮೇಲೆ ಕೂರುತ್ತಿದ್ದದ್ದು ನೆನಪಾಯಿತು. ಇಪ್ಪತ್ತು ವರ್ಷದ ಮೇಲೆ ನೆನಪಿನಿಂದ ಹೇಳಿದ ಸಾಕ್ಷ್ಯ ಅದು, ಹಾಜರಿ ಪಟ್ಟಿಯ ಜೊತೆ ತಾಳೆ ನೋಡಿಯೇ ನಂಬಿ. ನಮ್ಮ ಸಾಹೇಬರು ಸ್ಟೋನ್ಸ್ ರಿವರ್‌ನ ಚಳಿಮಳೆಯಲ್ಲಿ ಮಲಗಿ ಸಂಧಿವಾತ ಬಂತು ಎಂದು ಪ್ರಮಾಣ ಮಾಡಿದ್ದಾರೆ. 1863ರ ಏಪ್ರಿಲ್ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ 'ಗೈರು, ಕಾಯಿಲೆ, ನ್ಯಾಶ್‌ವಿಲ್' ಎಂದಿದೆ. ಪರವಾಗಿಲ್ಲ, ಪಾಸ್ ಮಾಡಿದೆ.

ಕೊನೆಗೆ ಪಟ್ಟಿ ಮಾಡಿ. ಪ್ರತಿ ಫೋಲ್ಡರಿಗೂ ಆಮ್ಲವಿಲ್ಲದ ಕಾಗದ, ಪೆನ್ಸಿಲ್‌ನಲ್ಲಿ ಸಂಖ್ಯೆ, ತಾರೀಖು, ಒಂದು ಸಾಲಿನ ವಿವರ. ಹೆಸರಿನ ಸೂಚಿ ಬೇರೆ. ಅದರಲ್ಲಿ ಜನರಲ್‌ಗಳನ್ನು ಮಾತ್ರ ಹಾಕಬೇಡಿ. ನಮ್ಮ ಸೂಚಿಯಲ್ಲಿ ಬಂದೂಕು ಬಿಸಾಡಿ ಗೆಳೆಯನನ್ನು ಹೊತ್ತವನಿದ್ದಾನೆ. ಆ ಹುಡುಗನ ಒಂಟಿ ಹೆಸರೂ ಇದೆ, ಮುಂದೆ ಒಂಬತ್ತು ಫೋಲ್ಡರ್ ಸಂಖ್ಯೆ.

ಪೆಟ್ಟಿಗೆಯ ಕೊನೆಯ ಕಾಗದ 1867ರದು. ಖಜಾನೆಯ ಲೆಕ್ಕ ತಪಾಸಣೆಯ ಕಚೇರಿಯಿಂದ ಬಂದದ್ದು. ಮೂರು ಕ್ಯಾಂಟೀನ್ (ಸಿಪಾಯಿಯ ನೀರಿನ ಬಾಟಲಿ) ಶಿಲ್ಕಿನಲ್ಲಿ ತಾಳೆಯಾಗುತ್ತಿಲ್ಲ, ವಿವರಣೆ ಕೊಡಿ. ಯುದ್ಧ ಮುಗಿದು ಎರಡು ವರ್ಷ. ಆ ಗುಮಾಸ್ತನ ಮೇಲೆ ನನಗೆ ಯಾಕೋ ಅಭಿಮಾನ ಬಂತು. ಸಾಹೇಬರ ಉತ್ತರದ ನಕಲು ಕಟ್ಟಿನಲ್ಲಿಲ್ಲ. 1864ರ ಎರಡು ತ್ರೈಮಾಸಿಕ ಲೆಕ್ಕ ಇನ್ನೂ ಕೂಡಿಸಿ ನೋಡಬೇಕು, ಈ ಗುರುವಾರ ಅದೇ ಕೆಲಸ.